ಖಾತೆಯಿಲ್ಲದ ನ್ಯಾಯ ಸಚಿವ: ವಿರೋಧ ಪಕ್ಷದ ವಕ್ತಾರರ ಹೊಣೆ ಮತ್ತು ಮಿತಿ

2025ರ ಮಾರ್ಚ್ 5ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ನ್ಯಾಯ ಖಾತೆಯ ವಕ್ತಾರ ರಾಬರ್ಟ್ ಜೆನ್ರಿಕ್ ಅವರು ಅಂದೇ ಪ್ರಕಟವಾಗಿದ್ದ ಒಂದು ಮಾರ್ಗಸೂಚಿಯತ್ತ ಸದನದ ಗಮನ ಸೆಳೆದರು. ಅದನ್ನು ಹೊರಡಿಸಿದ್ದು ಸರ್ಕಾರವಲ್ಲ, ಸೆಂಟೆನ್ಸಿಂಗ್ ಕೌನ್ಸಿಲ್ ಎಂಬ ಸ್ವತಂತ್ರ ಮಂಡಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ನ್ಯಾಯಾಲಯಗಳು ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವಾಗ ಯಾವುದನ್ನೆಲ್ಲ ಗಮನಿಸಬೇಕೆಂದು ತಿಳಿಸುವುದು ಈ ಮಂಡಳಿಯ ಕೆಲಸ. ಶಿಕ್ಷೆ ವಿಧಿಸುವ ಮೊದಲು ಅಪರಾಧಿಯ ಹಿನ್ನೆಲೆಯ ಬಗ್ಗೆ ವರದಿ ತರಿಸಿಕೊಳ್ಳುವುದು ಸಾಮಾನ್ಯವಾಗಿ ಅಗತ್ಯವೆಂದು ಹೇಳುವ ವರ್ಗಗಳ ಪಟ್ಟಿಯಲ್ಲಿ, ಗರ್ಭಿಣಿಯರು ಮತ್ತು ಎಳೆ ಪ್ರಾಯದವರ ಜೊತೆಗೆ ಜನಾಂಗೀಯ, ಸಾಂಸ್ಕೃತಿಕ ಹಾಗೂ ಧಾರ್ಮಿಕ ಅಲ್ಪಸಂಖ್ಯಾತರನ್ನೂ ಅದು ಸೇರಿಸಿತ್ತು. ಇದರಿಂದ ಒಂದೇ ದೇಶದಲ್ಲಿ ಎರಡು ಬಗೆಯ ನ್ಯಾಯ ನಡೆಯುತ್ತದೆ ಎಂಬುದು ಜೆನ್ರಿಕ್ ಅವರ ಆಕ್ಷೇಪವಾಗಿತ್ತು. ವರದಿಯೆಂಬುದು ನ್ಯಾಯಾಧೀಶರ ಕೈಗೆ ಸಿಗುವ ಮಾಹಿತಿಯೇ ಹೊರತು ಶಿಕ್ಷೆಯಲ್ಲಿ ಕೊಡುವ ರಿಯಾಯಿತಿಯಲ್ಲ ಎಂಬುದು ಕೌನ್ಸಿಲ್‌ನ ಸಮಾಧಾನ. ಲೇಬರ್ ಸರ್ಕಾರದ ನ್ಯಾಯ ಸಚಿವೆ ಶಬಾನಾ ಮಹಮೂದ್ ಅವರು ತಮಗೂ ಈ ಮಾರ್ಗಸೂಚಿ ಒಪ್ಪಿಗೆಯಿಲ್ಲವೆಂದರು. ಅದು ಜಾರಿಗೆ ಬರಬೇಕಿದ್ದ ಹಿಂದಿನ ದಿನ ಕೌನ್ಸಿಲ್ ಅದನ್ನು ತಡೆಹಿಡಿಯಿತು, ಜೂನ್ ತಿಂಗಳ ಹೊತ್ತಿಗೆ ಆ ಭಾಗವನ್ನು ನಿಷೇಧಿಸುವ ಕಾಯ್ದೆಯೇ ಬಂದಿತು.

ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲದ, ಒಂದು ಕಡತಕ್ಕೂ ಸಹಿ ಹಾಕಲಾಗದ ಒಬ್ಬ ಸದಸ್ಯರು ಎತ್ತಿದ ಪ್ರಶ್ನೆ ಮೂರೂವರೆ ತಿಂಗಳೊಳಗೆ ಕಾನೂನಿನ ರೂಪ ಪಡೆಯಿತು. ಹಾಗೆಯೇ ಆ ಮಾರ್ಗಸೂಚಿಯ ಕರಡಿನ ಮೇಲೆ ಸಾರ್ವಜನಿಕ ಅಭಿಪ್ರಾಯ ಸಂಗ್ರಹ ನಡೆದದ್ದು 2023 ಮತ್ತು 2024ರಲ್ಲಿ, ಜೆನ್ರಿಕ್ ಅವರ ಪಕ್ಷವೇ ಅಧಿಕಾರದಲ್ಲಿದ್ದಾಗ, ಎಂಬುದೂ ಚರ್ಚೆಯ ವೇಳೆ ಹೊರಬಂದಿತು. ವಿರೋಧ ಪಕ್ಷದ ನ್ಯಾಯ ವಕ್ತಾರರ ಸ್ಥಾನಕ್ಕೆ ಎಷ್ಟು ಬಲವಿದೆ, ಅದರ ಬಳಕೆಯಲ್ಲಿ ಎಷ್ಟು ತೊಡಕಿದೆ ಎಂಬುದನ್ನು ಈ ಒಂದು ಪ್ರಸಂಗವೇ ತೋರಿಸುತ್ತದೆ. ಮಾರ್ಗಸೂಚಿ ಸರಿಯೋ ತಪ್ಪೋ ಎಂಬ ಪ್ರಶ್ನೆ ಇಲ್ಲಿ ನನ್ನದಲ್ಲ. ಸರ್ಕಾರವನ್ನು ಎದುರಿಸಲೆಂದು ನೇಮಕಗೊಂಡವರು, ಸರ್ಕಾರದ ಅಧೀನದಲ್ಲಿಲ್ಲದ ನ್ಯಾಯಾಂಗದ ಬಗ್ಗೆ ಹೇಗೆ ಮಾತನಾಡಬೇಕು ಎಂಬುದೇ ಈ ಹುದ್ದೆಯ ನಿಜವಾದ ಕಷ್ಟ ಎಂದು ನಾನು ಭಾವಿಸಿದ್ದೇನೆ.

ವೆಸ್ಟ್‌ಮಿನ್‌ಸ್ಟರ್ ಮಾದರಿಯ ಸಂಸತ್ತಿನಲ್ಲಿ ವಿರೋಧ ಪಕ್ಷವೆಂದರೆ ಸೋತವರ ಗುಂಪು ಮಾತ್ರವಲ್ಲ, ಅದೂ ಆಡಳಿತ ವ್ಯವಸ್ಥೆಯ ಒಂದು ಅಂಗ. ದೊರೆಯ ಸರ್ಕಾರವಿರುವಂತೆ ದೊರೆಯ ವಿರೋಧ ಪಕ್ಷವೂ ಇರುತ್ತದೆ ಎಂಬ ಅರ್ಥದ ಮಾತು ಕಾಮನ್ಸ್ ಸಭೆಯಲ್ಲಿ ಮೊದಲು ಕೇಳಿಬಂದದ್ದು 1826ರಲ್ಲಿ, ಜಾನ್ ಕ್ಯಾಮ್ ಹಾಬ್‌ಹೌಸ್ ಅವರ ಬಾಯಲ್ಲಿ. ಸರ್ಕಾರವನ್ನು ವಿರೋಧಿಸುವುದು ರಾಜ್ಯಕ್ಕೆ ಬಗೆಯುವ ದ್ರೋಹವಲ್ಲ, ಅದು ರಾಜ್ಯಕ್ಕೆ ಸಲ್ಲಿಸುವ ಸೇವೆಯೇ ಎಂಬ ತಿಳಿವು ಆ ಮಾತಿನೊಳಗಿತ್ತು. 1937ರಲ್ಲಿ ಬ್ರಿಟನ್ ವಿರೋಧ ಪಕ್ಷದ ನಾಯಕರಿಗೆ ಕಾನೂನಿನ ಮೂಲಕವೇ ಸಂಬಳ ಗೊತ್ತುಮಾಡಿತು; ಕೆನಡಾ ಆ ಹೆಜ್ಜೆಯನ್ನು 1905ರಲ್ಲೇ ಇಟ್ಟಿತ್ತು. ಪ್ರತಿಯೊಬ್ಬ ಸಚಿವರ ಎದುರಿಗೂ ವಿರೋಧ ಪಕ್ಷದಿಂದ ಒಬ್ಬರನ್ನು ನಿಲ್ಲಿಸುವ ಪದ್ಧತಿ ಕಾಲಕ್ರಮದಲ್ಲಿ ಗಟ್ಟಿಯಾಗಿ, ಅಂಥವರ ಒಟ್ಟು ಗುಂಪಿಗೆ ನೆರಳು ಸಂಪುಟ ಎಂಬ ಹೆಸರು ಬಂದಿತು. ಬ್ರಿಟನ್ನಿನಲ್ಲಿ ಈ ಸ್ಥಾನದಲ್ಲಿರುವವರನ್ನು ನೆರಳು ನ್ಯಾಯ ಸಚಿವರೆಂದೂ, ನ್ಯೂಜಿಲೆಂಡಿನಲ್ಲಿ ನ್ಯಾಯ ವಕ್ತಾರರೆಂದೂ, ಕೆನಡಾದಲ್ಲಿ ಕ್ರಿಟಿಕ್, ಅಂದರೆ ವಿಮರ್ಶಕರೆಂದೂ ಕರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ನೆರಳು ಅಟಾರ್ನಿ ಜನರಲ್ ಅವರದು.

ಬ್ರಿಟನ್ನಿನಲ್ಲಿ ನ್ಯಾಯ ಖಾತೆಯೇ ಹೊಸದು. 2007ರ ಮೇ ತಿಂಗಳವರೆಗೆ ಜೈಲುಗಳೂ, ಅಪರಾಧಿಗಳ ಮೇಲೆ ಜೈಲಿನ ಹೊರಗೆ ನಿಗಾ ಇಡುವ ಪ್ರೊಬೇಷನ್ ವ್ಯವಸ್ಥೆಯೂ ಗೃಹ ಖಾತೆಯಲ್ಲಿದ್ದವು. ನ್ಯಾಯಾಲಯಗಳ ಆಡಳಿತ ಲಾರ್ಡ್ ಚಾನ್ಸಲರ್ ಅವರ ಕೈಯಲ್ಲಿತ್ತು. ಶತಮಾನಗಳ ಕಾಲ ಲಾರ್ಡ್ ಚಾನ್ಸಲರ್ ಒಬ್ಬರೇ ಸಂಪುಟದ ಸಚಿವರೂ, ಲಾರ್ಡ್ಸ್ ಸಭೆಯ ಅಧ್ಯಕ್ಷರೂ, ನ್ಯಾಯಾಂಗದ ಮುಖ್ಯಸ್ಥರೂ ಆಗಿರುತ್ತಿದ್ದರು. 2005ರ ಸಾಂವಿಧಾನಿಕ ಸುಧಾರಣಾ ಕಾಯ್ದೆ ಈ ಮೂರು ಎಳೆಗಳನ್ನು ಬಿಡಿಸಿತು. ನ್ಯಾಯಾಂಗದ ಮುಖ್ಯಸ್ಥರ ಸ್ಥಾನ ಲಾರ್ಡ್ ಚೀಫ್ ಜಸ್ಟಿಸ್ ಅವರಿಗೆ ಹೋಯಿತು, ಲಾರ್ಡ್ಸ್ ಸಭೆ ತನ್ನದೇ ಸ್ಪೀಕರ್ ಅವರನ್ನು ಆರಿಸಿಕೊಂಡಿತು, 2009ರಲ್ಲಿ ಪ್ರತ್ಯೇಕ ಸುಪ್ರೀಂ ಕೋರ್ಟ್ ಕೆಲಸ ಆರಂಭಿಸಿತು. ಉಳಿದ ಆಡಳಿತದ ಹೊಣೆಗೆ ಗೃಹ ಖಾತೆಯಿಂದ ಬಂದ ಜೈಲುಗಳೂ ಸೇರಿ ಇಂದಿನ ನ್ಯಾಯ ಖಾತೆಯಾಯಿತು. ನ್ಯಾಯ ಸಚಿವರೇ ಲಾರ್ಡ್ ಚಾನ್ಸಲರ್ ಕೂಡ ಆಗಿರುವುದರಿಂದ ಅವರು ಅಧಿಕಾರ ಸ್ವೀಕರಿಸುವಾಗ ಒಂದು ವಿಶೇಷ ಪ್ರಮಾಣ ಮಾಡಬೇಕಾಗುತ್ತದೆ: ಕಾನೂನಿನ ಆಳ್ವಿಕೆಯನ್ನು ಗೌರವಿಸುತ್ತೇನೆ, ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾಪಾಡುತ್ತೇನೆ, ನ್ಯಾಯಾಲಯಗಳು ಸಮರ್ಥವಾಗಿ ನಡೆಯಲು ಬೇಕಾದ ಸಂಪನ್ಮೂಲ ಒದಗಿಸುತ್ತೇನೆ ಎಂದು.

ಎದುರಿನ ಸಾಲಿನಲ್ಲಿ ಕುಳಿತ ವಕ್ತಾರರು ಇಂಥ ಯಾವ ಪ್ರಮಾಣವನ್ನೂ ಮಾಡುವುದಿಲ್ಲ. ಅವರ ಕರ್ತವ್ಯವನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ. ಅವರನ್ನು ನೇಮಿಸುವವರೂ ತೆಗೆಯುವವರೂ ಪಕ್ಷದ ನಾಯಕರೇ, ಮತ್ತು ಸಂಸದರ ಸಂಬಳದ ಮೇಲೆ ಅವರಿಗೆ ಹೆಚ್ಚಿನ ಸಂಭಾವನೆಯೂ ಇಲ್ಲ. ಅವರ ಎದುರಾಳಿಯ ಹಿಂದೆ ಹತ್ತಾರು ಸಾವಿರ ನೌಕರರ ಒಂದು ಇಲಾಖೆಯೇ ನಿಂತಿರುತ್ತದೆ. ಇವರ ಬೆನ್ನಿಗಿರುವುದು ಬೆರಳೆಣಿಕೆಯಷ್ಟು ಸಹಾಯಕರು. ಈ ಅಂತರವನ್ನು ಸ್ವಲ್ಪವಾದರೂ ತುಂಬಲೆಂದು 1975ರಿಂದ ವಿರೋಧ ಪಕ್ಷಗಳ ಸಂಸದೀಯ ಕೆಲಸಕ್ಕೆ ಸಾರ್ವಜನಿಕ ಹಣ ಕೊಡುವ ಏರ್ಪಾಡಿದೆ. ಆಗ ಸದನದ ನಾಯಕರಾಗಿದ್ದ ಎಡ್ವರ್ಡ್ ಶಾರ್ಟ್ ಅವರ ಹೆಸರಿನಿಂದ ಅದು ಶಾರ್ಟ್ ಮನಿ ಎಂದೇ ಪ್ರಸಿದ್ಧ. ಆದರೂ ಕೈದಿಗಳ ಸಂಖ್ಯೆಯ ಬಗ್ಗೆ, ನ್ಯಾಯಾಲಯದ ಕಟ್ಟಡಗಳ ಸ್ಥಿತಿಯ ಬಗ್ಗೆ ವಕ್ತಾರರಿಗೆ ಏನಾದರೂ ತಿಳಿಯಬೇಕಾದರೆ ಅದನ್ನು ಬಹುಮಟ್ಟಿಗೆ ಸಚಿವರಿಂದಲೇ ಕೇಳಿ ಹೊರತೆಗೆಯಬೇಕು.

ಹೀಗಾಗಿ ಈ ಹುದ್ದೆಯ ದೊಡ್ಡ ಪಾಲು ಕೆಲಸ ಟಿವಿ ಕ್ಯಾಮೆರಾದ ಮುಂದೆ ನಡೆಯುವುದಿಲ್ಲ. ಸದನ ಸೇರಿರುವಾಗ ಹೆಚ್ಚುಕಡಿಮೆ ಐದು ವಾರಕ್ಕೊಮ್ಮೆ ಬರುವ ನ್ಯಾಯ ಖಾತೆಯ ಪ್ರಶ್ನೋತ್ತರ ಅವಧಿಯನ್ನು ಜನ ನೋಡುತ್ತಾರೆ, ಆದರೆ ಅಲ್ಲಿ ಕೇಳುವ ಒಂದು ಪ್ರಶ್ನೆಯ ಬೆನ್ನಿಗೆ ವಾರಗಟ್ಟಲೆ ಕಳುಹಿಸಿದ ಲಿಖಿತ ಪ್ರಶ್ನೆಗಳಿರುತ್ತವೆ. ಒಂದು ಜೈಲಿನಲ್ಲಿ ಸಿಬ್ಬಂದಿಯ ಎಷ್ಟು ಹುದ್ದೆಗಳು ಖಾಲಿಯಿವೆ, ಒಂದು ಬಗೆಯ ಪ್ರಕರಣ ಆರೋಪಪಟ್ಟಿಯಿಂದ ತೀರ್ಪಿನವರೆಗೆ ಸರಾಸರಿ ಎಷ್ಟು ದಿನ ತೆಗೆದುಕೊಳ್ಳುತ್ತಿದೆ ಎಂಬಂಥ ಒಣ ಪ್ರಶ್ನೆಗಳೇ ಮುಂದೆ ಸಚಿವರನ್ನು ಕಟ್ಟಿಹಾಕುವ ಅಂಕಿಗಳಾಗುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟ್‌ಗಳಲ್ಲಿ ಬಾಕಿ ಪ್ರಕರಣಗಳು 2024ರ ಕೊನೆಯ ಹೊತ್ತಿಗೆ 70,000 ದಾಟಿದ್ದವು. ಆ ಅಂಕಿಯ ಹಿಂದೆ ಸಾಕ್ಷಿ ಹೇಳಲು ವರ್ಷಗಟ್ಟಲೆ ಕಾಯುವ ಸಂತ್ರಸ್ತರೂ, ಆರೋಪ ಸಾಬೀತಾಗದೆ ಕಳಂಕ ಹೊತ್ತು ಬದುಕುವ ಆರೋಪಿಗಳೂ ಇದ್ದಾರೆಂಬುದನ್ನು ಸದನಕ್ಕೆ ಮತ್ತೆ ಮತ್ತೆ ನೆನಪಿಸುವುದು ವಕ್ತಾರರ ಪಾಲಿನ ಕೆಲಸ. ಹಠಾತ್ತಾಗಿ ಏನಾದರೂ ನಡೆದಾಗ ಸ್ಪೀಕರ್ ಅವರ ಅನುಮತಿ ಪಡೆದು ತುರ್ತು ಪ್ರಶ್ನೆ ಕೇಳಿ ಸಚಿವರನ್ನು ಸದನಕ್ಕೆ ಕರೆಸಬಹುದು. ಒಂದು ಅಧಿವೇಶನದಲ್ಲಿ ವಿರೋಧ ಪಕ್ಷಗಳಿಗೆ ಮೀಸಲಾದ 20 ದಿನಗಳಿವೆ, ಅದರಲ್ಲಿ 17 ಪ್ರಮುಖ ವಿರೋಧ ಪಕ್ಷದವು. ಅವುಗಳಲ್ಲಿ ತಮ್ಮ ವಿಷಯಕ್ಕೆ ಒಂದು ದಿನ ಸಿಗುವಂತೆ ವಕ್ತಾರರು ತಮ್ಮದೇ ಪಕ್ಷದೊಳಗೆ ವಾದಿಸಬೇಕಾಗುತ್ತದೆ.

ಮಸೂದೆಗಳ ವಿಷಯಕ್ಕೆ ಬಂದರೆ ಕೆಲಸ ಇನ್ನೂ ಸೂಕ್ಷ್ಮ. ನ್ಯಾಯ ಖಾತೆಯ ಮಸೂದೆಗಳಲ್ಲಿ ಒಂದು ಪದದ ವ್ಯತ್ಯಾಸದಿಂದ ಒಬ್ಬ ಮನುಷ್ಯ ಎಷ್ಟು ವರ್ಷ ಸೆರೆಯಲ್ಲಿರುತ್ತಾನೆ ಎಂಬುದೇ ಬದಲಾಗಬಹುದು. ನ್ಯಾಯಾಧೀಶರು ಒಂದು ಅಂಶವನ್ನು ಪರಿಗಣಿಸಬಹುದು ಎಂದಿರಬೇಕೇ, ಪರಿಗಣಿಸತಕ್ಕದ್ದು ಎಂದಿರಬೇಕೇ ಎಂಬುದು ವ್ಯಾಕರಣದ ಚರ್ಚೆಯಲ್ಲ. ಬಹುಮತವಿಲ್ಲದ ವಿರೋಧ ಪಕ್ಷ ಸಮಿತಿ ಹಂತದಲ್ಲಿ ಮಂಡಿಸುವ ತಿದ್ದುಪಡಿಗಳಲ್ಲಿ ಹೆಚ್ಚಿನವು ಗೆಲ್ಲುವುದಿಲ್ಲ. ಗೆಲ್ಲಲೆಂದೇ ಅವನ್ನು ಮಂಡಿಸುವುದೂ ಇಲ್ಲ. ಈ ಖಂಡದ ಅರ್ಥವೇನು, ಇದು ಯಾರಿಗೆ ಅನ್ವಯಿಸುತ್ತದೆ, ಇಂಥ ಸಂದರ್ಭ ಬಂದರೆ ಏನಾಗುತ್ತದೆ ಎಂದು ಸಚಿವರ ಬಾಯಿಂದಲೇ ಸದನದ ದಾಖಲೆಗೆ ಉತ್ತರ ಬರುವಂತೆ ಮಾಡುವುದು ಅವುಗಳ ಉದ್ದೇಶ. ಪದಗಳು ಅಸ್ಪಷ್ಟವಾಗಿದ್ದಾಗ ಆ ಉತ್ತರವನ್ನು ಮುಂದೊಂದು ದಿನ ನ್ಯಾಯಾಲಯವೇ ನೋಡಬಹುದು. ಕಾಮನ್ಸ್‌ನಲ್ಲಿ ಸೋತ ತಿದ್ದುಪಡಿಯನ್ನು ಲಾರ್ಡ್ಸ್ ಸಭೆಯಲ್ಲಿ ಅದೇ ಪಕ್ಷದ ಸಹೋದ್ಯೋಗಿಗಳು ಮತ್ತೆ ಎತ್ತುವುದುಂಟು. ಅಲ್ಲಿ ನಿವೃತ್ತ ನ್ಯಾಯಾಧೀಶರೂ ಹಿರಿಯ ವಕೀಲರೂ ಕುಳಿತಿರುವುದರಿಂದ, ಕೆಳಮನೆಯಲ್ಲಿ ಪಕ್ಷದ ಶಿಸ್ತಿಗೆ ಬಲಿಯಾದ ಒಳ್ಳೆಯ ವಾದ ಮೇಲ್ಮನೆಯಲ್ಲಿ ಜೀವ ಪಡೆದ ಉದಾಹರಣೆಗಳು ಸಾಕಷ್ಟಿವೆ.

ಈಗ ಮೊದಲು ಹೇಳಿದ ಕಷ್ಟಕ್ಕೆ ಬರುತ್ತೇನೆ. ಆರೋಗ್ಯ ಅಥವಾ ಸಾರಿಗೆ ಖಾತೆಯ ವಕ್ತಾರರಿಗೆ ಎದುರಾಳಿ ಯಾರೆಂಬ ಗೊಂದಲವಿಲ್ಲ. ರೈಲು ತಡವಾದರೆ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೆ ಉತ್ತರ ಕೊಡಬೇಕಾದವರು ಸಚಿವರು. ನ್ಯಾಯ ಖಾತೆಯಲ್ಲಿ ಹಾಗಲ್ಲ. ಜೈಲಿನ ಗೋಡೆ ಸೋರಿದರೆ ಸಚಿವರು ಉತ್ತರಿಸಬೇಕು, ಆದರೆ ನ್ಯಾಯಾಧೀಶರು ಕೊಟ್ಟ ಶಿಕ್ಷೆ ಕಡಿಮೆಯಾಯಿತೆಂದು ಸಚಿವರನ್ನು ಬಯ್ಯುವಂತಿಲ್ಲ, ಏಕೆಂದರೆ ಆ ಶಿಕ್ಷೆಯಲ್ಲಿ ಸಚಿವರು ಕೈಹಾಕಿದ್ದರೆ ಅದೇ ಮಹಾಪರಾಧವಾಗುತ್ತಿತ್ತು. ನ್ಯಾಯಾಧೀಶರೂ ತಮ್ಮ ತೀರ್ಪನ್ನು ಸಮರ್ಥಿಸಿಕೊಳ್ಳಲು ಪತ್ರಿಕಾಗೋಷ್ಠಿ ಕರೆಯುವುದಿಲ್ಲ. ಅವರು ಹೇಳಬೇಕಾದದ್ದೆಲ್ಲ ತೀರ್ಪಿನಲ್ಲೇ ಇರುತ್ತದೆ. ಉತ್ತರ ಕೊಡಲಾಗದವರ ಮೇಲೆ ದಾಳಿ ಮಾಡುವುದು ರಾಜಕಾರಣದಲ್ಲಿ ಬಹಳ ಸುಲಭ, ಅದಕ್ಕೇ ಅದು ಬಹಳ ಅಪಾಯಕಾರಿ. ಸಂಸತ್ತಿನ ನಿಯಮಗಳು ಇಲ್ಲಿ ಸ್ವಲ್ಪ ಬೇಲಿ ಕಟ್ಟಿವೆ. ವಿಚಾರಣೆಯಲ್ಲಿರುವ ಪ್ರಕರಣಗಳನ್ನು ಸದನದಲ್ಲಿ ಪ್ರಸ್ತಾಪಿಸಬಾರದೆಂಬ ನಿಯಮವನ್ನು ಕಾಮನ್ಸ್ ಸಭೆ 2001ರ ನಿರ್ಣಯದಲ್ಲಿ ಸ್ಪಷ್ಟಪಡಿಸಿತು, ಅದನ್ನು ಸಡಿಲಿಸುವ ಅಧಿಕಾರ ಸ್ಪೀಕರ್ ಅವರಿಗೆ ಮಾತ್ರ. ನ್ಯಾಯಾಧೀಶರ ನಡತೆಯನ್ನು ಟೀಕಿಸಬೇಕಾದರೆ ಅದಕ್ಕೆಂದೇ ಪ್ರತ್ಯೇಕ ನಿಲುವಳಿ ಮಂಡಿಸಬೇಕು, ಬೇರೆ ಚರ್ಚೆಯ ನಡುವೆ ಅದನ್ನು ತೂರಿಸುವಂತಿಲ್ಲ. 1689ರ ಹಕ್ಕುಗಳ ಕಾಯ್ದೆ ಸದನದೊಳಗಿನ ಮಾತನ್ನು ನ್ಯಾಯಾಲಯ ಪ್ರಶ್ನಿಸದಂತೆ ರಕ್ಷಿಸುತ್ತದೆ. ಅದಕ್ಕೆ ಪ್ರತಿಯಾಗಿ ಸದನ ನ್ಯಾಯಾಲಯದ ಕೆಲಸಕ್ಕೆ ಅಡ್ಡ ಬರದೆ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಆದರೆ ಈ ಬೇಲಿ ಸದನದ ಬಾಗಿಲವರೆಗೆ ಮಾತ್ರ. ಹೊರಗೆ, ಸಂದರ್ಶನದಲ್ಲಿ, ಸಾಮಾಜಿಕ ಜಾಲತಾಣದಲ್ಲಿ ವಕ್ತಾರರನ್ನು ತಡೆಯುವುದು ಹೆಚ್ಚಾಗಿ ಅವರ ವಿವೇಕವೇ.

ಆ ವಿವೇಕ ಸರಿಯಾದ ದಿಕ್ಕಿನಲ್ಲಿ ಕೆಲಸ ಮಾಡಿದ್ದಕ್ಕೆ 2016ರ ನವೆಂಬರ್ ಒಂದು ಉದಾಹರಣೆ. ಐರೋಪ್ಯ ಒಕ್ಕೂಟದಿಂದ ಹೊರಬರುವ ಪ್ರಕ್ರಿಯೆಯನ್ನು ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಆರಂಭಿಸುವಂತಿಲ್ಲವೆಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟಾಗ, ಡೇಲಿ ಮೇಲ್ ಪತ್ರಿಕೆ ಅವರ ಚಿತ್ರಗಳನ್ನು ಮುಖಪುಟದಲ್ಲಿ ಹಾಕಿ ಅವರನ್ನು ಜನರ ಶತ್ರುಗಳೆಂದು ಕರೆಯಿತು. ಪ್ರಮಾಣ ಮಾಡಿದ್ದ ಲಾರ್ಡ್ ಚಾನ್ಸಲರ್ ಲಿಜ್ ಟ್ರಸ್ ಅವರು ಕೂಡಲೇ ನ್ಯಾಯಾಂಗದ ಪರವಾಗಿ ನಿಲ್ಲಲಿಲ್ಲವೆಂಬ ಟೀಕೆ ವಕೀಲರ ಸಂಘಟನೆಗಳಿಂದ ಬಂದಿತು. ಅವರು ಬಾಯಿಬಿಟ್ಟು ಖಂಡಿಸಬೇಕೆಂದು ಒತ್ತಾಯಿಸಿದವರಲ್ಲಿ ಪ್ರಮಾಣ ಮಾಡದ, ಲೇಬರ್ ಪಕ್ಷದ ವಕ್ತಾರ ರಿಚರ್ಡ್ ಬರ್ಗನ್ ಕೂಡ ಒಬ್ಬರು. ಕೊನೆಗೆ ಟ್ರಸ್ ಅವರು ನ್ಯಾಯಾಂಗದ ಸ್ವಾತಂತ್ರ್ಯವನ್ನು ಬೆಂಬಲಿಸುವ ಹೇಳಿಕೆ ಕೊಟ್ಟರು, ಅದೂ ಸಾಲದೆಂದು ಅನೇಕರಿಗೆ ಅನಿಸಿತು. ನ್ಯಾಯಾಂಗದ ರಕ್ಷಣೆ ಸರ್ಕಾರದ ಹೊಣೆಯೆಂದು ಕಾನೂನು ಹೇಳುತ್ತದೆ. ಸರ್ಕಾರಕ್ಕೆ ಆ ಹೊಣೆಯನ್ನು ನೆನಪಿಸುವವರು ಎದುರಿನ ಸಾಲಿನಲ್ಲಿ ಇಲ್ಲದಿದ್ದರೆ ಆ ಕಾನೂನಿಗೆ ಕಾವಲು ಯಾರು?

ಇದೇ ಸ್ಥಾನ ತಪ್ಪು ದಿಕ್ಕಿಗೆ ಎಳೆದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು, ಮತ್ತು ಈ ಭಾಗ ನನಗೆ ಬಹಳ ಬೇಸರ ತರುವಂಥದ್ದು. ಅಪರಾಧದ ವಿಷಯದಲ್ಲಿ ಮೆತ್ತಗಿದ್ದಾರೆ ಎಂಬ ಮಾತಿಗಿಂತ ರಾಜಕಾರಣಿಗಳು ಹೆಚ್ಚು ಹೆದರುವ ಮಾತು ಕಡಿಮೆ. 1990ರ ದಶಕದ ಮೊದಲ ಭಾಗದಲ್ಲಿ, ಜೈಲುಗಳು ಇನ್ನೂ ಗೃಹ ಖಾತೆಯಲ್ಲಿದ್ದಾಗ, ಲೇಬರ್ ಪಕ್ಷದ ನೆರಳು ಗೃಹ ಸಚಿವರಾಗಿದ್ದ ಟೋನಿ ಬ್ಲೇರ್ ಅವರು ಅಪರಾಧದ ಮೇಲೂ ಅದರ ಕಾರಣಗಳ ಮೇಲೂ ಕಠಿಣವಾಗಿರುತ್ತೇವೆ ಎಂಬ ಘೋಷಣೆಯಿಂದ ಪ್ರಸಿದ್ಧರಾದರು. 1993ರಲ್ಲಿ ಕನ್ಸರ್ವೇಟಿವ್ ಸರ್ಕಾರದ ಗೃಹ ಸಚಿವ ಮೈಕೆಲ್ ಹೋವರ್ಡ್ ಅವರು ಜೈಲು ಫಲ ಕೊಡುತ್ತದೆ ಎಂದು ಪಕ್ಷದ ಸಮ್ಮೇಳನದಲ್ಲಿ ಸಾರಿದರು. ಅಲ್ಲಿಂದ ಎರಡೂ ಪಕ್ಷಗಳ ನಡುವೆ ಕಾಠಿಣ್ಯದ ಹರಾಜು ಶುರುವಾಯಿತು ಎಂದರೆ ಅತಿಶಯೋಕ್ತಿಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೈದಿಗಳ ಸಂಖ್ಯೆ 1993ರಲ್ಲಿ ಸುಮಾರು 45,000 ಇದ್ದದ್ದು 2024ರಲ್ಲಿ 88,000 ದಾಟಿತು. ಈ ಏರಿಕೆಗೆ ಕಾರಣಗಳು ಹಲವು, ಆದರೆ ಶಿಕ್ಷೆಯ ಅವಧಿ ಉದ್ದವಾಗುತ್ತಾ ಬಂದದ್ದು ಮುಖ್ಯವಾದದ್ದು. ಆ ಉದ್ದವಾಗುವಿಕೆಯನ್ನು ಸದನದಲ್ಲಿ ಎದ್ದು ನಿಂತು ಪ್ರಶ್ನಿಸಲು ಎದುರಿನ ಸಾಲಿನವರಿಗೆ ರಾಜಕೀಯ ಲಾಭ ಎಂದೂ ಇರಲಿಲ್ಲ.

ಆ ಕಾಲದ ಒಂದು ಕಾನೂನಿನ ಕಥೆ ಕೇಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 2003ರ ಅಪರಾಧ ನ್ಯಾಯ ಕಾಯ್ದೆಯ ಅಡಿಯಲ್ಲಿ, ಸಾರ್ವಜನಿಕ ರಕ್ಷಣೆಗಾಗಿ ಅನಿರ್ದಿಷ್ಟ ಅವಧಿಯ ಸೆರೆವಾಸ ಎಂಬ ಶಿಕ್ಷೆಯೊಂದು 2005ರಲ್ಲಿ ಜಾರಿಗೆ ಬಂದಿತು. ನ್ಯಾಯಾಧೀಶರು ಕನಿಷ್ಠ ಅವಧಿಯನ್ನು ಹೇಳುತ್ತಿದ್ದರು, ಅದು ಮುಗಿದ ಮೇಲೆ ತಾನಿನ್ನು ಅಪಾಯಕಾರಿಯಲ್ಲವೆಂದು ಪೆರೋಲ್ ಮಂಡಳಿಗೆ ಮನವರಿಕೆ ಮಾಡಿಕೊಟ್ಟರೆ ಮಾತ್ರ ಕೈದಿಗೆ ಬಿಡುಗಡೆ. ಕೆಲವೇ ನೂರು ಮಂದಿಗೆ ಅನ್ವಯಿಸುತ್ತದೆಂದು ಭಾವಿಸಿದ್ದ ಈ ಶಿಕ್ಷೆ 8,000ಕ್ಕೂ ಹೆಚ್ಚು ಮಂದಿಗೆ ಬಿದ್ದಿತು. 2012ರಲ್ಲಿ ಅದನ್ನು ರದ್ದು ಮಾಡಿದರೂ ಆಗಲೇ ಶಿಕ್ಷೆಗೊಳಗಾಗಿದ್ದವರಿಗೆ ಆ ರದ್ದತಿ ಅನ್ವಯಿಸಲಿಲ್ಲ. ಆದ್ದರಿಂದ 2024ರಲ್ಲೂ ಸಾವಿರಕ್ಕಿಂತ ಹೆಚ್ಚು ಮಂದಿ ಒಮ್ಮೆಯೂ ಹೊರಗೆ ಬಾರದೆ ಒಳಗೇ ಇದ್ದರು, ಅವರಲ್ಲಿ ಬಹುಪಾಲು ಜನ ತಮ್ಮ ಕನಿಷ್ಠ ಅವಧಿಯನ್ನು ಎಂದೋ ಮುಗಿಸಿದ್ದರು. ಅದನ್ನು ತಂದ ಗೃಹ ಸಚಿವ ಡೇವಿಡ್ ಬ್ಲಂಕೆಟ್ ಅವರೇ ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಕೈದಿಗಳಿಗೆ ಮತವಿಲ್ಲ, ಅವರ ಕುಟುಂಬಗಳಿಗೆ ಸಂಘಟನೆಯ ಬಲವಿಲ್ಲ. ಅಂಥವರ ಪರವಾಗಿ ಮಸೂದೆಯ ಹಂತದಲ್ಲೇ ಗಟ್ಟಿಯಾಗಿ ಪ್ರಶ್ನೆ ಕೇಳಬೇಕಾದ ಸ್ಥಾನ ಯಾವುದಾದರೂ ಇದ್ದರೆ ಅದು ವಿರೋಧ ಪಕ್ಷದ ಮುಂಚೂಣಿಯೇ. 2013ರ ಏಪ್ರಿಲ್‌ನಿಂದ ಕೌಟುಂಬಿಕ ವ್ಯಾಜ್ಯ, ಸಾಲ, ವಸತಿಯಂಥ ಅನೇಕ ವಿಷಯಗಳಲ್ಲಿ ಕಾನೂನು ನೆರವು ಕಡಿತವಾದಾಗಲೂ ಇದೇ ಮಾತು ಸಲ್ಲುತ್ತದೆ. ವಕೀಲರಿಲ್ಲದೆ ಕುಟುಂಬ ನ್ಯಾಯಾಲಯದಲ್ಲಿ ತಾನೇ ವಾದಿಸಬೇಕಾಗಿ ಬಂದ ತಾಯಿಯ ಸಂಕಟ ಪತ್ರಿಕೆಯ ತಲೆಬರಹವಾಗುವುದಿಲ್ಲ, ಅದಕ್ಕೇ ಅದನ್ನು ಸದನಕ್ಕೆ ಯಾರಾದರೂ ತರಬೇಕು.

ಬೇರೆ ದೇಶಗಳಲ್ಲಿ ಈ ಸ್ಥಾನದ ಬೇರೆ ಬೇರೆ ಮುಖಗಳು ಕಾಣುತ್ತವೆ. ಕೆನಡಾದಲ್ಲಿ ನ್ಯಾಯ ಸಚಿವರೇ ಅಟಾರ್ನಿ ಜನರಲ್ ಆಗಿರುವುದರಿಂದ, ಒಬ್ಬರೇ ಸಂಪುಟದ ಸದಸ್ಯರಾಗಿ ರಾಜಕೀಯವನ್ನೂ, ಪ್ರಾಸಿಕ್ಯೂಷನ್‌ನ ಮುಖ್ಯಸ್ಥರಾಗಿ ನಿಷ್ಪಕ್ಷಪಾತವನ್ನೂ ಪಾಲಿಸಬೇಕಾಗುತ್ತದೆ. 2019ರಲ್ಲಿ, ಅದಕ್ಕೆ ಸ್ವಲ್ಪ ಮೊದಲಿನವರೆಗೆ ಆ ಹುದ್ದೆಯಲ್ಲಿದ್ದ ಜೋಡಿ ವಿಲ್ಸನ್ ರೇಬೋಲ್ಡ್ ಅವರು, ಒಂದು ಎಂಜಿನಿಯರಿಂಗ್ ಕಂಪನಿಯ ಮೇಲಿನ ಮೊಕದ್ದಮೆಯ ವಿಷಯದಲ್ಲಿ ತಮ್ಮ ಮೇಲೆ ಒತ್ತಡ ಬಂದಿತೆಂದು ಸಂಸತ್ತಿನ ನ್ಯಾಯ ಸಮಿತಿಯ ಮುಂದೆ ಹೇಳಿದಾಗ, ಆ ಸಮಿತಿಯಲ್ಲಿ ವಿರೋಧ ಪಕ್ಷದವರು ಕೇಳಿದ ಪ್ರಶ್ನೆಗಳಿಂದ ಈ ಎರಡು ಪಾತ್ರಗಳ ಘರ್ಷಣೆ ದೇಶಕ್ಕೆಲ್ಲ ಕಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನೈತಿಕತಾ ಆಯುಕ್ತರು ಪ್ರಧಾನಿ ಜಸ್ಟಿನ್ ಟ್ರುಡೊ ಅವರು ಹಿತಾಸಕ್ತಿ ಸಂಘರ್ಷದ ಕಾಯ್ದೆಯನ್ನು ಉಲ್ಲಂಘಿಸಿದರೆಂದು ವರದಿ ಕೊಟ್ಟರು. ಆಸ್ಟ್ರೇಲಿಯಾದಲ್ಲಿ ಮಾರ್ಕ್ ಡ್ರೇಫಸ್ ಅವರು 2013ರಿಂದ 2022ರವರೆಗೆ ಒಂಬತ್ತು ವರ್ಷ ನೆರಳು ಅಟಾರ್ನಿ ಜನರಲ್ ಆಗಿದ್ದರು. ಆ ಕಾಲದಲ್ಲಿ ಅವರ ಪಕ್ಷ ಭರವಸೆ ಕೊಟ್ಟಿದ್ದ ರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ಆಯೋಗ, ಅವರು ಸಚಿವರಾದ ಮೇಲೆ 2023ರ ಜುಲೈ 1ರಂದು ಕೆಲಸ ಆರಂಭಿಸಿತು. ಇದು ವಿರೋಧದ ವರ್ಷಗಳನ್ನು ನೀತಿ ಕಟ್ಟಲು ಬಳಸಿಕೊಂಡ ಮಾದರಿ. ನ್ಯೂಜಿಲೆಂಡಿನಲ್ಲಿ ಮಾತ್ರ ಗಡಿಯಾರದ ಲೋಲಕದ ಹಾಗೆ ಅತ್ತಿಂದಿತ್ತ ತೂಗಿದ ಕಾನೂನೊಂದಿದೆ: ಗಂಭೀರ ಅಪರಾಧವನ್ನು ಮತ್ತೆ ಮಾಡಿದವರಿಗೆ ಹಂತಹಂತವಾಗಿ ಕಠಿಣ ಶಿಕ್ಷೆ ವಿಧಿಸುವ ಮೂರು ಹೊಡೆತಗಳ ಕಾನೂನು 2010ರಲ್ಲಿ ಬಂದು, 2022ರಲ್ಲಿ ರದ್ದಾಗಿ, 2024ರಲ್ಲಿ ಬದಲಾದ ರೂಪದಲ್ಲಿ ಮರಳಿತು. ರದ್ದತಿಯ ಕಾಲದಲ್ಲಿ ನ್ಯಾಷನಲ್ ಪಕ್ಷದ ನ್ಯಾಯ ವಕ್ತಾರರಾಗಿದ್ದ ಪಾಲ್ ಗೋಲ್ಡ್‌ಸ್ಮಿತ್ ಅವರು ಅದು ಮರಳುವಾಗ ನ್ಯಾಯ ಸಚಿವರಾಗಿದ್ದರು. ಇದನ್ನು ಕೊಟ್ಟ ಮಾತು ಉಳಿಸಿಕೊಂಡದ್ದೆಂದು ಹೊಗಳಬಹುದು. ಆದರೆ ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ದೇಶದಲ್ಲಿ ಒಬ್ಬ ಅಪರಾಧಿಗೆ ಸಿಗುವ ಶಿಕ್ಷೆ ಅವನು ಯಾವ ಸರ್ಕಾರದ ಕಾಲದಲ್ಲಿ ಸಿಕ್ಕಿಬಿದ್ದ ಎಂಬುದರ ಮೇಲೆ ನಿಲ್ಲುವುದು ನ್ಯಾಯದ ದೃಷ್ಟಿಯಿಂದ ಒಳ್ಳೆಯದಲ್ಲ ಎಂದು ನನಗನಿಸುತ್ತದೆ.

ವಕ್ತಾರರು ನಾಳೆಯ ಸಚಿವರೂ ಆಗಬಹುದೆಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ 1964ರಿಂದ ಒಂದು ಸಂಪ್ರದಾಯವಿದೆ. ಚುನಾವಣೆ ಹತ್ತಿರ ಬಂದಾಗ ಪ್ರಧಾನಿಯವರ ಅನುಮತಿಯ ಮೇರೆಗೆ ನೆರಳು ಸಚಿವರು ತಮ್ಮ ಖಾತೆಯ ಹಿರಿಯ ಅಧಿಕಾರಿಗಳನ್ನು ಗೌಪ್ಯವಾಗಿ ಭೇಟಿಯಾಗಬಹುದು. ಅಧಿಕಾರಿಗಳು ಸರ್ಕಾರದ ಗುಟ್ಟುಗಳನ್ನು ಹೇಳುವುದಿಲ್ಲ, ನೀತಿಯ ಬಗ್ಗೆ ಸಲಹೆಯನ್ನೂ ಕೊಡುವುದಿಲ್ಲ. ಎದುರಿನವರ ಯೋಜನೆಗಳನ್ನು ಕೇಳಿಸಿಕೊಂಡು ಇಲಾಖೆಯನ್ನು ಅದಕ್ಕೆ ಸಜ್ಜುಗೊಳಿಸುತ್ತಾರೆ.

ಶಬಾನಾ ಮಹಮೂದ್ ಅವರು 2023ರ ಸೆಪ್ಟೆಂಬರ್‌ನಲ್ಲಿ ನೆರಳು ನ್ಯಾಯ ಸಚಿವರಾದರು, 2024ರ ಜುಲೈನಲ್ಲಿ ತಮ್ಮ ಪಕ್ಷ ಗೆದ್ದಾಗ ಅದೇ ಖಾತೆಯ ಸಚಿವರೂ ಲಾರ್ಡ್ ಚಾನ್ಸಲರ್ ಅವರೂ ಆದರು. ವಿರೋಧ ಪಕ್ಷದಲ್ಲಿದ್ದಾಗ ಜೈಲುಗಳ ನೂಕುನುಗ್ಗಲಿನ ಬಗ್ಗೆ ಅಂದಿನ ಸರ್ಕಾರವನ್ನು ಅವರು ತರಾಟೆಗೆ ತೆಗೆದುಕೊಂಡಿದ್ದರು. ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ, ಜೈಲುಗಳು ತುಂಬಿ ತುಳುಕುವ ಹಂತದಲ್ಲಿವೆಯೆಂದು ಹೇಳಿ, ಅನೇಕ ಕೈದಿಗಳು ಶಿಕ್ಷೆಯ ಶೇ. 50ರ ಬದಲು ಶೇ. 40ರಷ್ಟನ್ನು ಒಳಗೆ ಕಳೆದ ಮೇಲೆ ಬಿಡುಗಡೆಯಾಗುವ ಏರ್ಪಾಡನ್ನು ಅವರು ಪ್ರಕಟಿಸಬೇಕಾಯಿತು. ಲೈಂಗಿಕ ಅಪರಾಧಗಳಂಥ ಕೆಲವನ್ನು ಅದರಿಂದ ಹೊರಗಿಟ್ಟರು. ಸೆಪ್ಟೆಂಬರ್ 10ರಂದು ಮೊದಲ ಗುಂಪಿನಲ್ಲಿ ಸುಮಾರು 1,700 ಮಂದಿ ಹೊರಬಂದರು. ಅಷ್ಟರಲ್ಲಿ ಅವರ ಎದುರಿನ ಆಸನಕ್ಕೆ ಬೇರೆ ವಕ್ತಾರರು ಬಂದಿದ್ದರು. ಬಿಡುಗಡೆಯಾದವರು ಯಾರು, ಅವರ ಮೇಲೆ ನಿಗಾ ಇಡಲು ಪ್ರೊಬೇಷನ್ ಅಧಿಕಾರಿಗಳು ಸಾಕಷ್ಟಿದ್ದಾರೆಯೇ, ಸಂತ್ರಸ್ತರಿಗೆ ಮೊದಲೇ ತಿಳಿಸಲಾಗಿದೆಯೇ ಎಂಬ ಪ್ರಶ್ನೆಗಳನ್ನು ಕೇಳುವ ಸರದಿ ಈಗ, ಕೆಲವೇ ತಿಂಗಳ ಹಿಂದೆ ಅದೇ ಜೈಲುಗಳ ಹೊಣೆ ಹೊತ್ತಿದ್ದ ಪಕ್ಷದ್ದಾಗಿತ್ತು.